ಎನ್‌ಜಿಒನಾ, ಸರ್ಕಾರಗಳ ಸಂಸ್ಥೆಯಾ? ಪತ್ತೆ ಹಚ್ಚುವುದು ಹೀಗೆ

'ಯುನಿಸೆಫ್ ಒಂದು ಎನ್‌ಜಿಒ' ಅನ್ನುವ ಉತ್ತರವನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಎನ್‌ಜಿಒ ಅಂದರೆ ಸರ್ಕಾರೇತರ ಸಂಸ್ಥೆ; ಯುನಿಸೆಫ್ ವಿಶ್ವಸಂಸ್ಥೆಯ ಮಕ್ಕಳ ನಿಧಿ. ಫುಟ್‌ಬಾಲ್‌ನ ಜಾಗತಿಕ ಒಕ್ಕೂಟ ಫಿಫಾವನ್ನು ವಿಶ್ವಸಂಸ್ಥೆಯ ಪಕ್ಕದಲ್ಲಿ ಕೂರಿಸಿದವರೂ ಇದ್ದಾರೆ.

ಮೊದಲು ಹೆಸರನ್ನು ಪಕ್ಕಕ್ಕಿಡಿ. 'ಇಂಟರ್‌ನ್ಯಾಷನಲ್' ಅಂತ ಯಾರು ಬೇಕಾದರೂ ಸೇರಿಸಿಕೊಳ್ಳಬಹುದು. ಮಾನವ ಹಕ್ಕುಗಳಿಗಾಗಿ ದುಡಿಯುವ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಎನ್‌ಜಿಒನೇ.

ಎರಡನೆಯದು, ಸದಸ್ಯರು ಯಾರು ಅಂತ ಕೇಳಿ. ಎಡವುವುದೆಲ್ಲ ಇಲ್ಲೇ, ನಿಧಾನವಾಗಿ ನೋಡಿ. ವಿಶ್ವಸಂಸ್ಥೆಯಲ್ಲಿ 193 ಸದಸ್ಯರಿದ್ದಾರೆ, ಎಲ್ಲವೂ ದೇಶಗಳೇ. ಅಲ್ಲಿ ಕೂತವರು ತಮ್ಮ ಸರ್ಕಾರದ ಪರವಾಗಿ ಮತ ಹಾಕುತ್ತಾರೆ. ಫಿಫಾದಲ್ಲಿ 211 ಸದಸ್ಯರು. ಜಗತ್ತಿನಲ್ಲಿ ಅಷ್ಟು ದೇಶ ಎಲ್ಲಿವೆ? ಅವು ಫುಟ್‌ಬಾಲ್ ಸಂಘಗಳು. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ಗೆ ಅಲ್ಲಿ ಬೇರೆ ಬೇರೆ ಸದಸ್ಯತ್ವ. ವಿಶ್ವಸಂಸ್ಥೆಯಲ್ಲಾದರೆ ಇಡೀ ಬ್ರಿಟನ್‌ಗೆ ಒಂದೇ ಕುರ್ಚಿ. ಪಟ್ಟಿ ಉದ್ದ ಇದ್ದ ಮಾತ್ರಕ್ಕೆ ಮರುಳಾಗಬೇಡಿ, ಪಟ್ಟಿಯಲ್ಲಿ ಇರುವವರು ಯಾರು ಅಂತ ಓದಿ.

ಮೂರನೆಯದು ಹುಟ್ಟು. ದೇಶಗಳು ಸಹಿ ಹಾಕಿದ ಒಪ್ಪಂದದಿಂದ ಹುಟ್ಟಿದ್ದರೆ ಸರ್ಕಾರಗಳ ಸಂಸ್ಥೆ. 1948ರಲ್ಲಿ ಶುರುವಾದ ವಿಶ್ವ ಆರೋಗ್ಯ ಸಂಸ್ಥೆ ಹಾಗೇ ಬಂದದ್ದು. ಯಾವುದೋ ಒಂದು ದೇಶದ ಕಾನೂನಿನಡಿ ಸಂಘವಾಗಿ ನಿಂತಿದ್ದರೆ ಎನ್‌ಜಿಒ.

ದುಡ್ಡನ್ನು ನೋಡಿ ತೀರ್ಮಾನ ಮಾಡಲೇಬೇಡಿ. ಯುನಿಸೆಫ್ ವಿಷಯದಲ್ಲಿ ಮೋಸ ಹೋಗುವುದು ಇದರಿಂದಲೇ. ಅದು ಜನರಿಂದಲೂ ದೇಣಿಗೆ ಎತ್ತುತ್ತದೆ ನಿಜ, ಆದರೆ 1946ರಲ್ಲಿ ಅದನ್ನು ಹುಟ್ಟುಹಾಕಿದ್ದು ವಿಶ್ವಸಂಸ್ಥೆಯ ಮಹಾಸಭೆ. ಸರ್ಕಾರದ ಅನುದಾನ ಪಡೆಯುವ ಎನ್‌ಜಿಒಗಳೂ ಬೇಕಾದಷ್ಟಿವೆ.

ಸುಲಭದ ದಾರಿಯೊಂದಿದೆ ಅಂತಾರೆ: ವೆಬ್ ವಿಳಾಸದ ಕೊನೆಗೆ 'ಡಾಟ್ ಇಂಟ್' (.int) ಇದೆಯಾ ನೋಡುವುದು. ಒಪ್ಪಂದದಿಂದ ಹುಟ್ಟಿದ ಸಂಸ್ಥೆಗಳಿಗೆಂದೇ ಮೀಸಲಿಟ್ಟ ಬಾಲ ಅದು. ಇದ್ದರೆ ಸರಿ, ಆದರೆ ಇಲ್ಲದಿದ್ದರೆ ಏನೂ ಗೊತ್ತಾಗುವುದಿಲ್ಲ. ವಿಶ್ವಸಂಸ್ಥೆಯೇ ಬಳಸುವುದು 'ಡಾಟ್ ಆರ್ಗ್'! ರೆಡಿಮೇಡ್ ಕೋಷ್ಟಕಗಳನ್ನಂತೂ ನಾನು ನಂಬುವುದೇ ಇಲ್ಲ. ಒಬ್ಬರು ಮಾಡಿದ ತಪ್ಪನ್ನೇ ಇನ್ನೊಬ್ಬರು ನಕಲು ಹೊಡೆದಿರುತ್ತಾರೆ.

ಇಷ್ಟಾದರೂ ಕೆಲವು ಸಂಸ್ಥೆಗಳು ಯಾವ ಡಬ್ಬಿಗೂ ಹಿಡಿಸುವುದಿಲ್ಲ. 1863ರ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಸ್ವಿಸ್ ಕಾನೂನಿನಡಿಯ ಖಾಸಗಿ ಸಂಘ. ಅದಕ್ಕೆ ಯುದ್ಧಕಾಲದ ಕೆಲಸ ಒಪ್ಪಿಸಿರುವುದು ಮಾತ್ರ ದೇಶಗಳು ಸಹಿ ಹಾಕಿದ ಜಿನೀವಾ ಒಪ್ಪಂದಗಳು. ನಿಸರ್ಗ ಸಂರಕ್ಷಣೆಯ ಐಯುಸಿಎನ್‌ನಲ್ಲಿ ಸರ್ಕಾರಗಳೂ ಎನ್‌ಜಿಒಗಳೂ ಒಟ್ಟಿಗೆ ಸದಸ್ಯರು. ಇಂಥವನ್ನು ಸುಮ್ನೆ ಒಂದು ಕಡೆ ತುರುಕಬೇಡಿ. 'ಎರಡರ ನಡುವಿನದು' ಅಂತ ಬರೆದು, ಯಾಕೆ ಅಂತ ಒಂದು ಸಾಲು ಸೇರಿಸಿ.