ಪೆರ್ಲದ ಬೈಲಿಗೆ ಶಾರ್ಜಾದಲ್ಲಿ ಕೂತು ಇಂಟರ್ನೆಟ್ ತಂದದ್ದು

ಈ ಸಲದ ಮಳೆಗಾಲ ಪೂರ್ತಿ, ರಸ್ತೆಬದಿಯಿಂದ ಬೈಲು ದಾಟಿ ಗಾಳಿಯಲ್ಲಿ ರೇಡಿಯೊ ಮೂಲಕ ಬರುವ ನಮ್ಮ ಮನೆಯ ಇಂಟರ್ನೆಟ್ ಒಂದೇ ಒಂದು ದಿನವೂ ಬೆಳಗ್ಗಿನಿಂದ ಸಂಜೆವರೆಗೆ ನಿಂತಿಲ್ಲ. ಇದನ್ನು ಬರೆಯುವುದಕ್ಕೆ ಅದೇ ಕಾರಣ. "ಮಳೆ ಶುರುವಾಗಲಿ, ಆಮೇಲೆ ನೋಡುವ" ಎಂದು ನಕ್ಕವರು ತುಂಬ ಜನ ಇದ್ದರು. ಕೇಬಲಿನ ಹುಡುಗರು ನಕ್ಕರು, ಭಾವ ನಕ್ಕರು. ಈಗ ಭಾವನ ಮಕ್ಕಳು ರಜೆಗೆ ಬಂದರೆ ಚಪ್ಪಲಿ ಕಳಚುವ ಮೊದಲು ಪಾಸ್‌ವರ್ಡ್ ಕೇಳುತ್ತಾರೆ.

ನಮ್ಮದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಳಬದಿ. ಪೆರ್ಲದಿಂದ ಇಳಿದು ಬರಬೇಕು. ಮೂರು ಬದಿಯಲ್ಲೂ ಗುಡ್ಡೆ, ನಡುವೆ ಅಡಿಕೆ ತೋಟ, ತೋಟದ ತುದಿಯಲ್ಲಿ ಮನೆ. ಮನೆಯಲ್ಲಿರುವುದು ಅಮ್ಮ ಮತ್ತು ಅಕ್ಕನ ಮಗ. ಅಳಿಯ ಡಿಪ್ಲೊಮಾ ಓದುತ್ತಾನೆ, ಮರ ಹತ್ತಲು ಹೆದರುವುದಿಲ್ಲ. ನಾನು ಶಾರ್ಜಾದಲ್ಲಿ. ಅಂದರೆ ತಲೆ ನನ್ನದು, ಕೈ ಅವನದು. ವರ್ಷಕ್ಕೊಮ್ಮೆ ರಜೆ ಸಿಕ್ಕಿದಾಗ ಮಾತ್ರ ಎರಡೂ ಒಂದೇ ಕಡೆ.

ಮೊದಲ ತಾಪತ್ರಯ ಓಟಿಪಿಯದ್ದು. ಕನೆಕ್ಷನ್ ಅಮ್ಮನ ಹೆಸರಲ್ಲಿ ಬೇಕು, ಯಾಕೆಂದರೆ ಆಧಾರ್‌ನಲ್ಲಿ ಆ ವಿಳಾಸ ಇರುವುದು ಅವರದ್ದೇ. ಅರ್ಜಿ ಹಾಕಿದರೆ ಅಮ್ಮನ ಮೊಬೈಲಿಗೆ ಓಟಿಪಿ ಬರುತ್ತದೆ. ಮೊಬೈಲಿಗೆ ಮನೆಯಲ್ಲಿ ರೇಂಜ್ ಇಲ್ಲ. ರೇಂಜ್ ಸಿಗಬೇಕಾದರೆ ಗುಡ್ಡೆ ಹತ್ತಬೇಕು. ಹತ್ತಿ ಉಸಿರು ಬಿಡುವಾಗ ಓಟಿಪಿಯ ಅವಧಿ ಮುಗಿದಿರುತ್ತದೆ. ರೇಂಜ್ ಇಲ್ಲ ಅಂತಲೇ ಇಂಟರ್ನೆಟ್ ಕೇಳುವುದು, ಅದನ್ನು ಕೊಡಲು ಅವರಿಗೆ ರೇಂಜ್ ಬೇಕು! ಕೊನೆಗೆ ಅಮ್ಮನ ಸಿಮ್ ಅನ್ನು ಅಳಿಯ ಬದಿಯಡ್ಕಕ್ಕೆ ಹೋಗುವಾಗ ಜೇಬಿನಲ್ಲಿ ಹಾಕಿಕೊಂಡು ಹೋಗಿ, ಅಲ್ಲಿಂದ ನನಗೆ ನಂಬರ್ ಹೇಳಿದ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಕೇರಳ ಸರ್ಕಲ್‌ನ ಸಿಮ್ ಅಂತ ಮಲಯಾಳ. ಇಲ್ಲದಿದ್ದರೆ ಹಿಂದಿ, ಇಂಗ್ಲಿಷ್. ಅಮ್ಮನಿಗೆ ಕನ್ನಡ, ತುಳು ಬಿಟ್ಟರೆ ಬಸ್ಸಿನಲ್ಲಿ ಬೇಕಾಗುವಷ್ಟು ಮಲಯಾಳ ಮಾತ್ರ ಬರುತ್ತದೆ. "ಪಿನ್‌ಕೋಡ್ ಹೇಳಿ" ಎನ್ನುವವರೆಗೆ ನಿಭಾಯಿಸುತ್ತಾರೆ, ಆಮೇಲೆ ಫೋನ್ ಇಡುತ್ತಾರೆ.

ಶಾರ್ಜಾದ ಕತೆಯೂ ಸುಲಭ ಅಲ್ಲ. ಇಲ್ಲಿ ಮನೆಗೆ ಲೈನ್ ಎಳೆಸಬೇಕಾದರೆ ಬಾಡಿಗೆ ಕರಾರು ನಮ್ಮ ಹೆಸರಲ್ಲಿರಬೇಕು, ಎಮಿರೇಟ್ಸ್ ಐಡಿ ಬೇಕು, ಜೊತೆಗೆ ವರ್ಷಗಟ್ಟಲೆಯ ಒಪ್ಪಂದ. ನಡುವೆ ಬಿಟ್ಟರೆ ದಂಡ. ಬೆಡ್‌ಸ್ಪೇಸ್‌ನಲ್ಲಿ, ಅಂದರೆ ಹಂಚಿಕೊಂಡ ಕೋಣೆಯ ಒಂದು ಮಂಚದಲ್ಲಿ, ಇರುವವರಿಗೆ ಕರಾರು ಎಲ್ಲಿಂದ? ಹಾಗಾಗಿ ಸಿಮ್ ಹಾಕುವ ಪ್ಲಗ್ ರೌಟರ್ ತೆಗೆದುಕೊಂಡೆ. ತಿಂಗಳಿಗೆ ಸುಮಾರು ಇನ್ನೂರು ದಿರ್ಹಂ. ನಮ್ಮ ರೂಪಾಯಿಯಲ್ಲಿ ನಾಲ್ಕೂವರೆ ಸಾವಿರದ ಮೇಲೆ. ಊರಿನ ಫೈಬರಿಗೆ ತೆರಿಗೆ ಸೇರಿ ಎಂಟುನೂರ ಚಿಲ್ಲರೆ. ಅಷ್ಟು ಕೊಟ್ಟರೂ ಇಲ್ಲಿ ವಾಟ್ಸಾಪ್‌ನಲ್ಲಿ ಕಾಲ್ ಹೋಗುವುದಿಲ್ಲ, ಮೆಸೇಜ್ ಮಾತ್ರ. 2020ರಲ್ಲಿ ಕೊರೊನಾ ಬಂದಾಗ ಝೂಮ್, ಟೀಮ್ಸ್ ಬಿಟ್ಟುಕೊಟ್ಟರು. ಅದೊಂದು ಒಳ್ಳೆಯದಾಯಿತು. ಅಮ್ಮನ ಫೋನಿನಲ್ಲಿ ಝೂಮ್‌ನ ಗುಂಡಿಯನ್ನು ಮುಖಪುಟದ ಮಧ್ಯದಲ್ಲೇ ಇಟ್ಟಿದ್ದೇವೆ. ಒತ್ತಿದರೆ ನೇರ ನನ್ನ ಕೋಣೆಗೆ ಬರುತ್ತಾರೆ.

ಊರಿನ ಕೆಲಸ ಶುರುವಾದದ್ದು 4ಜಿ ರೌಟರಿನಿಂದ. ತಾರಸಿಯ ಮೇಲೆ ಯಾಗಿ ಆಂಟೆನಾ (ಹಳೆ ಟಿವಿ ಆಂಟೆನಾದಂಥದ್ದು), ಎಲ್ಲ ಸೇರಿ ಏಳೆಂಟು ಸಾವಿರ. ರಾತ್ರಿ ಎರಡು ಗಂಟೆಗೆ 6 ಎಂಬಿಪಿಎಸ್, ಸಂಜೆ ಏಳಕ್ಕೆ ಅರ್ಧ. ಗಡಿಯ ತಮಾಷೆ ಬೇರೆ ಇದೆ. ಒಂದು ಹೊತ್ತು ಕೇರಳದ ಟವರ್ ಹಿಡಿಯುತ್ತದೆ, ಇನ್ನೊಂದು ಹೊತ್ತು ಅಡ್ಯನಡ್ಕ ಕಡೆಯ ಕರ್ನಾಟಕದ್ದು. ಮೊದಲೆಲ್ಲ ಹೀಗೆ ಹಿಡಿದರೆ ಅಂಗಳದಲ್ಲಿ ಕೂತವರಿಗೂ ರೋಮಿಂಗ್ ದುಡ್ಡು ಹೋಗುತ್ತಿತ್ತು. ಈಗ ದುಡ್ಡು ಹೋಗುವುದಿಲ್ಲ, ಆದರೆ ಟವರ್ ಬದಲಾಗುವಾಗ ವಿಡಿಯೊ ನಿಂತುಬಿಡುತ್ತದೆ. ರೌಟರ್ ಒಂದೇ ತರಂಗಪಟ್ಟಿ ಹಿಡಿಯುವ ಹಾಗೆ ಬ್ಯಾಂಡ್ ಲಾಕ್ ಮಾಡಿ ನೋಡಿದೆ, 850 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದರೆ ಗಟ್ಟಿ ನಿಲ್ಲುತ್ತದೆ, ವೇಗ ಇಲ್ಲ. ಕರೆಂಟು ಹೋಗಿ ಸ್ವಲ್ಪ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಬಿಟ್ಟೆ.

ಆಮೇಲೆ ಫೈಬರ್. ಮೇಲಿನ ರಸ್ತೆಯವರೆಗೆ ಕೇಬಲಿನವರದ್ದು ಬಂದಿತ್ತು. ಅಲ್ಲಿಂದ ಮನೆಗೆ ತಂತಿಯ ದಾರಿಯಲ್ಲಿ ಒಂದೂವರೆ ಕಿಲೋಮೀಟರ್, ರಬ್ಬರ್ ತೋಟ ದಾಟಿ. ಕಂಬಗಳು ಅರ್ಧ ದಾರಿಗೆ ಮಾತ್ರ ಇವೆ, ಉಳಿದದ್ದು ಮರದಿಂದ ಮರಕ್ಕೆ. ಇಪ್ಪತ್ತೆಂಟು ಸಾವಿರ ಕೇಳಿದರು, ಚೌಕಾಸಿ ಮಾಡಿ ಇಪ್ಪತ್ತೆರಡಕ್ಕೆ ಬಂತು. ಅದೂ ತೀರಾ ಕೆಟ್ಟದ್ದಲ್ಲ, ಕೆಲವು ತಿಂಗಳು ಚೆನ್ನಾಗಿತ್ತು. ಆದರೆ ಅಡಿಕೆ ತೋಟದಲ್ಲಿ ತಂತಿ ಉಳಿಯುವುದಿಲ್ಲ. ಅಡಿಕೆ ಗೊನೆ ತೆಗೆಯುವಾಗ ಒಮ್ಮೆ ಕಡಿಯಿತು, ಮದ್ದು ಬಿಡುವವರ ಪೈಪಿಗೆ ಸಿಕ್ಕಿ ಒಮ್ಮೆ, ಸೋಗೆ ಬಿದ್ದು ಒಮ್ಮೆ. ಪ್ರತಿ ಸಲವೂ ಕೆಂಪು ಲೈಟು, ಪ್ರತಿ ಸಲವೂ "ನಾಳೆ ಬರುತ್ತೇವೆ". ಜೋಡಿಸಿ ಜೋಡಿಸಿ ಕೊನೆಗೆ ಓಎನ್‌ಯುವಿನಲ್ಲಿ (ಮನೆಯಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆ) ಬೆಳಕು ಮೈನಸ್ 27 ಡಿಬಿಎಂಗೆ ಇಳಿದಿತ್ತು. ಅಲ್ಲಿಂದ ಕೆಳಗೆ ಇಳಿದರೆ ಲೈನ್ ಸತ್ತ ಹಾಗೆಯೇ.

ಆಗ ನಾನು ಹೇಳಿದ್ದು: ರಸ್ತೆಬದಿಯ ದೊಡ್ಡಪ್ಪನ ಮಗನ ತಾರಸಿಯವರೆಗೆ ಫೈಬರ್ ಬರಲಿ, ಅಲ್ಲಿಂದ ಬೈಲು ದಾಟಿ ಗಾಳಿಯಲ್ಲಿ ತರುವ. ವೈಫೈ ಬಳಸುವ 5 ಗಿಗಾಹರ್ಟ್ಸ್‌ನ ತರಂಗಪಟ್ಟಿಗಳಿಗೆ 2018ರಿಂದ ಲೈಸೆನ್ಸ್ ಬೇಡ. ನೇರ ಲೆಕ್ಕದಲ್ಲಿ 1.3 ಕಿಲೋಮೀಟರ್, ಏನು ಮಹಾ? ಎಲ್ಲರೂ ಹೇಳಿದ್ದು ಒಂದೇ ಮಾತು. "ಮಳೆ ಬಂದರೆ ಡಿಶ್ ಟಿವಿ ನಿಲ್ಲುವುದಿಲ್ವಾ? ಇದೂ ಹಾಗೆಯೇ." ಅಲ್ಲ. ಡಿಶ್ ಟಿವಿ ಕೆಲಸ ಮಾಡುವುದು 11, 12 ಗಿಗಾಹರ್ಟ್ಸ್ ಮಟ್ಟದಲ್ಲಿ. ಅಲ್ಲಿ ಮಳೆಹನಿ ನಿಜವಾಗಿ ಸಿಗ್ನಲ್ ತಿನ್ನುತ್ತದೆ. 5.8ರಲ್ಲಿ ಇಷ್ಟು ದೂರಕ್ಕೆ ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯೂ ಲೆಕ್ಕಕ್ಕಿಲ್ಲ. ಇದನ್ನು ಭಾವನಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

ರಜೆಯಲ್ಲಿ ಬಂದು ಮಂಗಳೂರಿನಿಂದ ಒಂದು ಜೊತೆ ಸಿಪಿಇ, ಅಂದರೆ ಆಂಟೆನಾ ಸೇರಿದ ಹೊರಾಂಗಣ ರೇಡಿಯೊ, ತಂದೆ. ಆಂಟೆನಾದ ಬಲ 13 ಡಿಬಿಐ, ಎರಡೂ ಸೇರಿ ಒಂಬತ್ತೂವರೆ ಸಾವಿರದ ಆಸುಪಾಸು. ಒಂದು ಅಣ್ಣನ ತಾರಸಿಗೆ, ಇನ್ನೊಂದು ನಮ್ಮ ಮನೆಯ ಮಾಡಿನ ಮೇಲೆ ಜಿಐ ಪೈಪಿಗೆ. ಜನವರಿಯಲ್ಲಿ ಸಿಗ್ನಲ್ ಮೈನಸ್ 64 (ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು), ಭರ್ಜರಿ. ನಾನು ವಿಮಾನ ಹತ್ತಿದೆ. ಜೂನ್ ಬಂತು, ಶಾರ್ಜಾದಲ್ಲಿ ಕೂತು ನೋಡುತ್ತಿದ್ದೇನೆ, ಮೈನಸ್ 70, 78, 85. ಆಮೇಲೆ ಏನೂ ಇಲ್ಲ. ಭಾವನ ಫೋನ್ ತಕ್ಷಣ ಬಂತು, "ಹೇಳಿರಲಿಲ್ವಾ?"

ಮಳೆಯಿಂದ ಹೋದದ್ದಲ್ಲ, ಅಡಿಕೆ ಮರದ ತಲೆಯಿಂದ. ಇಷ್ಟು ದೂರಕ್ಕೆ ನಡುಮಧ್ಯದಲ್ಲಿ ನೇರ ಗೆರೆಯ ಸುತ್ತಲೂ ಸುಮಾರು ನಾಲ್ಕು ಮೀಟರ್ ಖಾಲಿ ಬೇಕು, ಬರೀ ಕಣ್ಣಿಗೆ ಕಂಡರೆ ಸಾಲದು. ಒಣಗಿದ ಸೋಗೆಯ ನಡುವೆ ತೂರಿ ಬರುತ್ತಿದ್ದದ್ದು ಒದ್ದೆ ಸೋಗೆಯ ನಡುವೆ ಬರಲಿಲ್ಲ. ಮರ ಕಡಿಯುವ ಪ್ರಶ್ನೆಯೇ ಇಲ್ಲ, ಅಮ್ಮ ನನ್ನನ್ನೇ ಕಡಿಯುತ್ತಾರೆ.

ಹಾಗಾಗಿ ಮನೆಯ ತುದಿಯ ರೇಡಿಯೊ ಹಿಂದಿನ ಗುಡ್ಡೆಗೆ ಹೋಯಿತು. ಅಲ್ಲಿ ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು) ನೀರು ಬಂದು ಬೀಳುವ ಟ್ಯಾಂಕ್ ಇದೆ. ಟ್ಯಾಂಕಿನ ಮೂಲೆಯಿಂದ ಅಣ್ಣನ ಮನೆ ಕಾಣುತ್ತದಾ ಎಂದು ನೋಡಲು ಒಂದು ಮುಖ ನೋಡುವ ಕನ್ನಡಿ ಸಾಕಾಯಿತು. ಬಿಸಿಲಿಗೆ ಹಿಡಿದು ಅಳಿಯ ಅಲ್ಲಾಡಿಸಿದ, ಅಣ್ಣನ ತಾರಸಿಯಲ್ಲಿ ಕಣ್ಣಿಗೆ ಹೊಡೆಯಿತು. ಮೊಬೈಲ್ ದಿಕ್ಸೂಚಿಗಿಂತ ಇದೇ ನಂಬಿಕೆಯದ್ದು. ಸಿಗ್ನಲ್ ಮೈನಸ್ 61, ತೋಟದ ತಲೆಗಳೆಲ್ಲ ತುಂಬ ಕೆಳಗೆ.

ತೊಂದರೆ ಕರೆಂಟಿನದ್ದು. ಸುರಂಗದ ನೀರಿಗೆ ಪಂಪು ಬೇಡ, ತಾನಾಗಿ ಇಳಿದು ಬರುತ್ತದೆ. ಪಂಪು ಇಲ್ಲ ಅಂದರೆ ಗುಡ್ಡೆಯಲ್ಲಿ ಕರೆಂಟೂ ಇಲ್ಲ. ಮನೆಯಿಂದ ಟ್ಯಾಂಕಿಗೆ ತೊಂಬತ್ತು ಮೀಟರ್ ಒಳಗೇ ಇದೆಯಲ್ಲ ಅಂತ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದು ಪಿಒಇಯಲ್ಲಿ, ಅಂದರೆ ಅದೇ ಕೇಬಲಿನಲ್ಲಿ ಕರೆಂಟನ್ನೂ ಸೇರಿಸಿ, 24 ವೋಲ್ಟ್ ಕಳಿಸಿದೆವು. ರೇಡಿಯೊ ಹೊತ್ತಿ ಆರುತ್ತಾ ಇತ್ತು. ಮೀಟರ್ ಇಟ್ಟು ನೋಡಿದರೆ ಮೇಲೆ 16 ವೋಲ್ಟೂ ಇಲ್ಲ. ಅಳಿಯ ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆದ. ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ. ಅಲ್ಯುಮಿನಿಯಂ! ಅಂಗಡಿಯವನು ಅಪ್ಪಟ ತಾಮ್ರ ಅಂತ ಕೊಟ್ಟದ್ದು. ನಿಜವಾದ ತಾಮ್ರದ ತಂತಿ ಹಾಕಿದ ಮೇಲೆ 21 ವೋಲ್ಟ್ ನಿಂತಿತು. ಕೇಬಲ್ ತೆಗೆದುಕೊಳ್ಳುವವರು ಅಂಗಡಿಯಲ್ಲೇ ಕೆರೆದು ನೋಡಿ, ನಾಚಿಕೆ ಬೇಡ. ಕೈಯಲ್ಲಿ ಹಿಡಿದರೂ ಗೊತ್ತಾಗುತ್ತದೆ, ತಾಮ್ರದ್ದು ಭಾರ ಜಾಸ್ತಿ.

ಅದು ನಡೆದದ್ದು ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲಿನ ಗುಡುಗಿನವರೆಗೆ. ಒಂದು ಸಂಜೆ ಸಿಡಿಲು ಹತ್ತಿರದಲ್ಲೆಲ್ಲೋ ಬಿತ್ತು. ಮೇಲಿನ ರೇಡಿಯೊ, ಕೆಳಗಿನ ರೌಟರ್, ಪಿಒಇ ಅಡಾಪ್ಟರ್, ಪಕ್ಕದ ಟಿವಿ, ಎಲ್ಲ ಒಟ್ಟಿಗೆ ಹೋದವು. ಟಿವಿ ಹೋದದ್ದಕ್ಕೆ ಅಮ್ಮ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಸರ್ಜ್ ಪ್ರೊಟೆಕ್ಟರ್ ಹಾಕಿಯೇ ಇತ್ತು. ಆದರೆ ಮುರಕಲ್ಲಿನ ಗುಡ್ಡೆಯಲ್ಲಿ ಅರ್ತಿಂಗ್ ಎಲ್ಲಿ ಸಿಗಬೇಕು? ಬೇಸಗೆಯಲ್ಲಿ ಅದು ಒಣ ಕಲ್ಲು. ಗುಡ್ಡೆಯ ಮೇಲೆ ಕಂಬ ನೆಟ್ಟು ಅಲ್ಲಿಂದ ತಾಮ್ರದ ತಂತಿಯನ್ನು ಮನೆಯೊಳಗೆ ತರುವುದೆಂದರೆ ಸಿಡಿಲಿಗೆ ಬಾಗಿಲು ತೆಗೆದ ಹಾಗೆ.

ಇಲ್ಲಿಂದ ಮುಂದಿನದ್ದು ಪೂರ್ತಿ ನನ್ನ ಐಡಿಯಾ. ಟ್ಯಾಂಕಿನಿಂದ ಮನೆಗೆ ತಾಮ್ರವೇ ಬೇಡ. ಆ ತೊಂಬತ್ತು ಮೀಟರಿಗೆ ಫೈಬರ್, ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ನೆಟ್‌ವರ್ಕ್ ಕೇಬಲಿಗೆ ಬದಲಾಯಿಸುವ ಪೆಟ್ಟಿಗೆ). ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಒಂದೇ ಎಚ್ಚರಿಕೆ, ಮನೆಗೆ ಎಳೆಯುವ ಫೈಬರ್ ಕೇಬಲ್‌ನಲ್ಲಿ ಬಲಕ್ಕೆ ಉಕ್ಕಿನ ತಂತಿ ಇರುವುದನ್ನು ತರಬೇಡಿ, ಎಫ್‌ಆರ್‌ಪಿ (ಫೈಬರ್ ಸೇರಿಸಿದ ಪ್ಲಾಸ್ಟಿಕ್) ಕಡ್ಡಿಯದ್ದೇ ಕೇಳಿ. ಇಲ್ಲದಿದ್ದರೆ ಮಾಡಿದ್ದೆಲ್ಲ ದಂಡ. ಫೈಬರ್ ಬೆಸೆದು (ಸ್ಪ್ಲೈಸ್) ಕೊಟ್ಟದ್ದು ನಕ್ಕಿದ್ದ ಕೇಬಲಿನ ಹುಡುಗನೇ, ಐನೂರು ಕೊಟ್ಟೆ, ಚಹಾ ಬೇರೆ. ಆಮೇಲೆ ತೋಟದ ಬದಿಯಲ್ಲಿ ಪೈಪಿನೊಳಗೆ ಹಾಕಿ ಹೂತೆವು. ಸೋಗೆಯ ಭಯವೂ ಇಲ್ಲ.

ಮೇಲಿನ ಕರೆಂಟಿಗೆ ಸೋಲಾರ್. ಬೇಸಗೆಯ ಲೆಕ್ಕ ಹಾಕಬೇಡಿ, ಜುಲೈ ಲೆಕ್ಕ ಹಾಕಿ. ರೇಡಿಯೊ ಮತ್ತು ಕನ್ವರ್ಟರ್ ಸೇರಿ ಹತ್ತು ವಾಟ್. ದಿನಕ್ಕೆ 240 ವಾಟ್‌ಅವರ್. ಮೊದಲು ಮನೆಯಲ್ಲಿದ್ದ 60 ವಾಟಿನ ಹಳೆ ಪ್ಯಾನೆಲ್ ಇಟ್ಟಿದ್ದೆವು, ಮೋಡ ಕವಿದ ಮೂರನೇ ದಿನಕ್ಕೆ ಮಲಗಿತು. ಈಗ 165ರ ಪ್ಯಾನೆಲ್, 100 ಎಎಚ್ ಬ್ಯಾಟರಿ. ಬಿಸಿಲೇ ಇಲ್ಲದಿದ್ದರೂ ಎರಡು ದಿನ ಧೈರ್ಯವಾಗಿ ತಳ್ಳುತ್ತದೆ. ಜಡಿಮಳೆಯ ವಾರದಲ್ಲಿ ಟೈಮರ್ ಹಾಕಿ ನಡುರಾತ್ರಿಯಿಂದ ಐದರವರೆಗೆ ಆರಿಸುತ್ತೇವೆ. ಆ ಹೊತ್ತಿಗೆ ಯಾರಿಗೆ ಬೇಕು?

ಕನ್ವರ್ಟರ್ ಕೆಲವೊಮ್ಮೆ ಸುಮ್ನೆ ಹ್ಯಾಂಗ್ ಆಗುತ್ತದೆ. ಅದನ್ನು ಯಾರೂ ಗುಡ್ಡೆ ಹತ್ತದೆ ಎಬ್ಬಿಸಲು ನಲವತ್ತು ರೂಪಾಯಿಯ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಒಬ್ಬರ ಹತ್ತಿರ ಅದಕ್ಕೆ ದುಡ್ಡು ತೆಗೆದುಕೊಂಡಿದ್ದೇನೆ. ಹಲವು ಗ್ರಾಹಕರಿಗೆ ಒಂದೇ ಹೊರ ವಿಳಾಸ ಕೊಡುವ ಸಿಜಿನ್ಯಾಟ್ ಇದ್ದರೂ ಶಾರ್ಜಾದಿಂದ ಮನೆಯ ರೌಟರಿಗೆ ಹೇಗೆ ಹೋಗುತ್ತೇನೆ ಎಂಬುದನ್ನೂ ಕೇಳಬೇಡಿ. ಇಂಟರ್ನೆಟ್ಟಿನ ಹೊಸ ವಿಳಾಸ ಪದ್ಧತಿ ಐಪಿವಿ6 ಅನ್ನು ಸರಿಯಾಗಿ ಓದಿದವರಿಗೆ ಅರ್ಧ ಗೊತ್ತಾಗುತ್ತದೆ.

ದುಡ್ಡು? ಈಗ ಇರುವುದಕ್ಕೆ ಹೆಚ್ಚುಕಮ್ಮಿ ನಲವತ್ತು ಸಾವಿರ. ಪ್ಯಾನೆಲ್ ಏಳು, ಬ್ಯಾಟರಿ ಹತ್ತರ ಹತ್ತಿರ, ರೇಡಿಯೊಗಳು ಸುಟ್ಟದ್ದರ ಬದಲಿಯೂ ಸೇರಿ ಹದಿನಾಲ್ಕು, ವೆಲ್ಡಿಂಗ್ ಮತ್ತು ಪೈಪು ಮೂರೂವರೆ, ಉಳಿದದ್ದು ಚಿಲ್ಲರೆ. ಮೊದಲು ನೀರಿಗೆ ಹಾಕಿದ್ದು ಮೂವತ್ತಾದರೂ ಇದೆ, ಟಿವಿ ಬಿಟ್ಟು. ಬಿಲ್ಲು ಕಟ್ಟುವುದು ಈಗ ಸುಲಭ. 2023ರ ನಂತರ ಅನಿವಾಸಿಗಳ ಎನ್‌ಆರ್‌ಒ ಬ್ಯಾಂಕ್ ಖಾತೆಗೆ ಇಲ್ಲಿನ ನಂಬರಿನಲ್ಲೇ ಯುಪಿಐ ಸಿಗುತ್ತದೆ. ಮೊದಲು ಗಲ್ಫಿನ ಕಾರ್ಡ್ ಹಾಕಿದರೆ ಹತ್ತರಲ್ಲಿ ಎಂಟು ಸಲ ತಿರಸ್ಕಾರ.

100 ಎಂಬಿಪಿಎಸ್ ಪ್ಲಾನಿನಲ್ಲಿ ಮನೆಗೆ ಅರುವತ್ತರ ಮೇಲೆ ಬರುತ್ತದೆ. ಅಮ್ಮನ ಫೋನಿನಲ್ಲಿ ವೈಫೈ ಕಾಲಿಂಗ್ (ರೇಂಜ್ ಬದಲು ವೈಫೈಯಲ್ಲೇ ಸಿಮ್ ನಡೆಯುವುದು) ಹಾಕಿದ ಮೇಲೆ ಓಟಿಪಿ ಅಡುಗೆಮನೆಗೇ ಬರುತ್ತಿದೆ. ಅಂಗಳಕ್ಕೊಂದು ಕ್ಯಾಮರಾ ಇದೆ. ಅಡಿಕೆ ಒಣಗಲು ಹಾಕಿದ ದಿನಗಳಲ್ಲಿ ಮೋಡ ಕಂಡರೆ ಶಾರ್ಜಾದಿಂದ ನಾನೇ ಫೋನ್ ಮಾಡಿ "ಟರ್ಪಾಲು ಮುಚ್ಚಿ" ಎನ್ನುತ್ತೇನೆ. ಅಮ್ಮನಿಗೆ ಇದು ಇಷ್ಟ ಇಲ್ಲ, ಮೋಡ ತನಗೂ ಕಾಣುತ್ತದೆ ಎನ್ನುತ್ತಾರೆ.

ಗುಡ್ಡೆಯಲ್ಲಿ ಕರೆಂಟು ಇದೆ ಅಂತಾದ ಮೇಲೆ ಸುರಂಗದ ಟ್ಯಾಂಕಿಗೂ ಕೈ ಹಾಕಿದೆವು. ನೀರಿನ ಮಟ್ಟ ಫೋನಿನಲ್ಲಿ ನೋಡಬೇಕು ಎಂಬ ಆಸೆ. ಶಬ್ದದ ಅಲೆಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಅದನ್ನು ವೈಫೈಗೆ ಜೋಡಿಸುವ ಇಎಸ್‌ಪಿ ಬೋರ್ಡು, ಐನೂರರೊಳಗೆ ಎಲ್ಲ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಟ್ಯಾಂಕ್ ಯಾವಾಗಲೂ ತುಂಬಿದೆ ಅಂತ ತೋರಿಸಿತು, ಮಾರ್ಚಿನಲ್ಲೂ! ತೆಗೆದು ನೋಡಿದರೆ ಸೆನ್ಸರಿನ ಮುಂದೆ ಜೇಡ ಬಲೆ ಕಟ್ಟಿದೆ. ಜೇಡ ಓಡಿಸಿದರೆ ಆವಿಯ ಹನಿ. ಈಗ ನೀರಲ್ಲಿ ತೇಲುವ ಮೂರು ಫ್ಲೋಟ್ ಸ್ವಿಚ್ ಹಾಕಿದ್ದೇವೆ, ಕಾಲು, ಅರ್ಧ, ಪೂರ್ತಿ. ಅಷ್ಟು ಸಾಕು. ಸುರಂಗದಲ್ಲಿ ನೀರು ಕಡಿಮೆಯಾಗುವುದು ಯಾವ ವಾರದಿಂದ ಎಂದು ಬರೆದಿಡುತ್ತಿದ್ದೇನೆ, ಇನ್ನೊಂದು ಬೇಸಗೆ ಕಳೆಯಲಿ.

ಸದ್ಯಕ್ಕೆ ಎದುರು ಗುಡ್ಡೆಯ ಎರಡು ಮನೆಯವರು ಕೇಳುತ್ತಿದ್ದಾರೆ, ನಮಗೂ ಹೀಗೆ ಮಾಡಿಕೊಡಿ ಅಂತ. ನನ್ನ ಲೈನಿನಿಂದ ಕವಲು ಕೊಡುವುದಿಲ್ಲ, ಅದು ಕಾನೂನಿಗೂ ಸರಿಯಲ್ಲ, ಮಧ್ಯರಾತ್ರಿ ಫೋನೂ ಬರುತ್ತದೆ. ಅವರ ಹೆಸರಲ್ಲೇ ಮೇಲಿನ ರಸ್ತೆಯಲ್ಲಿ ಕನೆಕ್ಷನ್ ಮಾಡಿಸಲಿ, ರೇಡಿಯೊ ಕಟ್ಟಲು ಅಳಿಯ ಬರುತ್ತಾನೆ. ಅವನ ಕೂಲಿ ಎರಡು ಸಾವಿರ, ಮುಂಗಡ. ಕನ್ನಡಿ ಅವರೇ ತರಬೇಕು.