ಏಪ್ರಿಲ್ 15 ಹತ್ತಿರ ಬಂತು: ಎಕ್ಸ್‌ಟೆನ್ಷನ್ ಕೇಳಬೇಕೆ, ಬೇಡವೆ?

ಅಮೆರಿಕದಲ್ಲಿ ತೆರಿಗೆ ಕಟ್ಟುವ ಕನ್ನಡಿಗರ ಮನೆಗಳಲ್ಲಿ ಪ್ರತಿ ಏಪ್ರಿಲ್‌ನಲ್ಲೂ ಈ ಚರ್ಚೆ ಏಳುತ್ತದೆ. ಏಪ್ರಿಲ್ 15ರೊಳಗೆ ಸಲ್ಲಿಸಬೇಕಾದ ತೆರಿಗೆ ರಿಟರ್ನ್‌ಗೆ ಹೆಚ್ಚಿನ ಸಮಯ (ಎಕ್ಸ್‌ಟೆನ್ಷನ್) ಕೇಳುವ ಫಾರ್ಮ್ 4868 ಹಾಕಿಬಿಟ್ಟರೆ ಅಕ್ಟೋಬರ್ 15ರವರೆಗೆ ನಿರಾಳವಲ್ಲವೆ? ಅದನ್ನು ನಿರ್ಧರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮಲ್ಲಿ ಸಿದ್ಧವಿಲ್ಲದಿರುವುದು ಕಾಗದಪತ್ರವೋ, ದುಡ್ಡೋ?

ಸಿದ್ಧವಿಲ್ಲದಿರುವುದು ದುಡ್ಡು ಮಾತ್ರ ಎಂದಾದರೆ ಎಕ್ಸ್‌ಟೆನ್ಷನ್ ವ್ಯರ್ಥ. ಮುಂದಕ್ಕೆ ಹೋಗುವುದು ರಿಟರ್ನ್ ಸಲ್ಲಿಸುವ ಗಡುವೇ ಹೊರತು ತೆರಿಗೆ ಕಟ್ಟುವ ಗಡುವಲ್ಲ. ಅಂಥವರು ರಿಟರ್ನನ್ನು ಸಕಾಲಕ್ಕೆ ಸಲ್ಲಿಸಿ, ಕೈಲಾದಷ್ಟು ಕಟ್ಟಿ, ಉಳಿದದ್ದಕ್ಕೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಜಾಲತಾಣದಲ್ಲೇ ಕಂತು ಕೇಳುವುದು ಲೇಸು. ಸಕಾಲಕ್ಕೆ ಸಲ್ಲಿಸಿದವರಿಗೆ, ಕಂತಿನ ಒಪ್ಪಂದ ಜಾರಿಯಲ್ಲಿರುವಷ್ಟು ದಿನ, ತೆರಿಗೆಯನ್ನು ತಡವಾಗಿ ಕಟ್ಟಿದ್ದಕ್ಕೆ ಬೀಳುವ ದಂಡ ತಿಂಗಳಿಗೆ ಶೇ 0.5ರ ಬದಲು ಶೇ 0.25 ಆಗುತ್ತದೆ.

ಕಾಗದ ಬಂದಿಲ್ಲವೆ? ಆಗ ಸಂಕೋಚವಿಲ್ಲದೆ ಎಕ್ಸ್‌ಟೆನ್ಷನ್ ತೆಗೆದುಕೊಳ್ಳಿ. ಪಾಲುದಾರಿಕೆಯಲ್ಲಿ ನಿಮ್ಮ ಪಾಲಿನ ಆದಾಯ ತಿಳಿಸುವ ಕೆ-1 ತಡವಾಗಬಹುದು, ಷೇರು ಮಾರಾಟ, ಲಾಭಾಂಶಗಳ ವಿವರವಿರುವ 1099 ಪತ್ರವನ್ನು ಬ್ರೋಕರ್ ತಿದ್ದಿ ಮತ್ತೆ ಕಳಿಸಬಹುದು. ಊರಿನ ಬ್ಯಾಂಕ್ ಠೇವಣಿಯ ತಲೆನೋವು ಬೇರೆಯೇ. ಅಲ್ಲಿನ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಇಲ್ಲಿನದು ಜನವರಿಯಿಂದ ಡಿಸೆಂಬರ್. ಹಾಗಾಗಿ ಬಡ್ಡಿಯನ್ನೂ ಟಿಡಿಎಸ್ಸನ್ನೂ ಎರಡು ವರ್ಷದ ಲೆಕ್ಕದಿಂದ ಬಿಡಿಸಿ ತೆಗೆಯಬೇಕು. ಅವಸರದಲ್ಲಿ ಸಲ್ಲಿಸಿ ಆಮೇಲೆ 1040-ಎಕ್ಸ್ ಎಂಬ ತಿದ್ದುಪಡಿ ರಿಟರ್ನ್ ಹಾಕಿ ತಿದ್ದುವುದಕ್ಕಿಂತ ಕಾಯುವುದು ಮೇಲು. ಏಕೆ ತಡ ಎಂದು ಫಾರ್ಮ್ 4868 ಕೇಳುವುದೂ ಇಲ್ಲ.

ಇರುವುದು ಒಂದು ಡಬ್ಲ್ಯು-2 (ಕೆಲಸದ ಕಂಪನಿ ಕೊಡುವ ಸಂಬಳದ ಪತ್ರ), ಚೂರು ಬಡ್ಡಿ ಅಷ್ಟೇ ಆದರೆ, ಕುಳಿತು ಮುಗಿಸಿ. ಬರೀ ಬೇಸರಕ್ಕೆ ತೆಗೆದುಕೊಂಡ ಎಕ್ಸ್‌ಟೆನ್ಷನ್ ಅಕ್ಟೋಬರ್ 14ರ ರಾತ್ರಿ ಅದೇ ಬೇಸರವನ್ನು ಮತ್ತೆ ತರುತ್ತದೆ. ರೀಫಂಡ್ ಬರುವುದಿದ್ದರೆ ನಿಮ್ಮ ದುಡ್ಡನ್ನು ನೀವೇ ತಡೆಹಿಡಿದಂತೆ.

ತೆಗೆದುಕೊಳ್ಳುವುದೆಂದು ಗಟ್ಟಿಯಾದರೆ ಮುಂದಿನ ಕೆಲಸ ಅಂದಾಜು. ಹಿಂದಿನ ವರ್ಷದ ರಿಟರ್ನ್ ಎದುರಿಗಿಟ್ಟುಕೊಂಡು, ಸಂಬಳ, ಷೇರು ಮಾರಾಟ, ಬಾಡಿಗೆಯಲ್ಲಿ ಏನೇನು ಬದಲಾಗಿದೆ ನೋಡಿ. ಒಟ್ಟು ತೆರಿಗೆ 18,000 ಡಾಲರ್, ಈಗಾಗಲೇ ಸಂಬಳದಲ್ಲಿ ಕಡಿತವಾದದ್ದು 15,000 ಎಂದಿಟ್ಟುಕೊಳ್ಳಿ, ಬಾಕಿ 3,000. ಎಕ್ಸ್‌ಟೆನ್ಷನ್ ಇಲ್ಲದೆ, ಬಾಕಿಯನ್ನೂ ಕಟ್ಟದೆ ಒಂದು ತಿಂಗಳು ತಡಮಾಡಿದರೆ ದಂಡ ಶೇ 5, ಅಂದರೆ 150 ಡಾಲರ್. ಎಕ್ಸ್‌ಟೆನ್ಷನ್ ಇದ್ದರೆ ಶೇ 0.5, ಬರೀ 15. ಬಡ್ಡಿ ಎರಡರಲ್ಲೂ ಪ್ರತ್ಯೇಕ. ಒಟ್ಟು ತೆರಿಗೆಯ ಶೇ 90 ಭಾಗ, ಇಲ್ಲಿ 16,200 ಡಾಲರ್, ಏಪ್ರಿಲ್ 15ರೊಳಗೆ ಸಂದಿದ್ದು, ಉಳಿದದ್ದನ್ನು ರಿಟರ್ನ್ ಜತೆ ಕಟ್ಟಿದರೆ ಆ 15 ಡಾಲರ್ ಕೂಡ ಬೀಳುವುದಿಲ್ಲ, ಬಡ್ಡಿಯಷ್ಟೇ. ಸಂಶಯವಿದ್ದರೆ ತುಸು ಹೆಚ್ಚೇ ಕಟ್ಟಿ. ಹೆಚ್ಚಾದದ್ದು ರೀಫಂಡ್ ಆಗಿ ಬರುತ್ತದೆ.

ಅರ್ಜಿ ಹಾಕುವುದು ಇದರಲ್ಲೆಲ್ಲ ಹಗುರದ ಕೆಲಸ. ಐಆರ್‌ಎಸ್‌ನ ಆನ್‌ಲೈನ್ ಪಾವತಿ ಸೇವೆಯಾದ ಡೈರೆಕ್ಟ್ ಪೇಯಲ್ಲಿ ಹಣ ಕಟ್ಟುವಾಗ ಕಾರಣದ ಜಾಗದಲ್ಲಿ ಎಕ್ಸ್‌ಟೆನ್ಷನ್ ಆರಿಸಿದರೆ ಬೇರೆ ಫಾರ್ಮೇ ಬೇಡ. ಕಟ್ಟುವುದೇನೂ ಇಲ್ಲದವರು ಐಆರ್‌ಎಸ್‌ನ ಉಚಿತ ಆನ್‌ಲೈನ್ ಸೇವೆಯಾದ ಫ್ರೀ ಫೈಲ್‌ನಲ್ಲಿ 4868 ಸಲ್ಲಿಸಬಹುದು. ಅದಕ್ಕೆ ಆದಾಯದ ಮಿತಿಯಿಲ್ಲ. ದೃಢೀಕರಣ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹಿಂದಿನ ವರ್ಷದ ಲೆಕ್ಕಕ್ಕೆ ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಗೆ ಹಣ ಹಾಕುವ ಗಡುವು ಮಾತ್ರ ಎಕ್ಸ್‌ಟೆನ್ಷನ್‌ನಿಂದ ಸರಿಯುವುದಿಲ್ಲ. ಹೊಸ ವರ್ಷದ ಅಂದಾಜು ತೆರಿಗೆಯ ಮೊದಲ ತ್ರೈಮಾಸಿಕ ಕಂತಿಗೂ ಅದೇ ಏಪ್ರಿಲ್ 15 ಗಡುವು. ರಾಜ್ಯದ ತೆರಿಗೆಯನ್ನು ಬೇರೆಯಾಗಿ ವಿಚಾರಿಸಿ: ಕ್ಯಾಲಿಫೋರ್ನಿಯಾ ಕೇಳದೆಯೇ ಆರು ತಿಂಗಳು ಕೊಡುತ್ತದೆ, ಹಣ ಮಾತ್ರ ಏಪ್ರಿಲ್‌ನಲ್ಲೇ ಕಟ್ಟಬೇಕು. ಎಲ್ಲ ರಾಜ್ಯಗಳೂ ಹೀಗಲ್ಲ.