ಗುಡ್ಡ ಕಣಿವೆಯಾಗಿ ಕಂಡ ದಿನ

ಬಾದಾಮಿ, ಬಾಗಲಕೋಟೆ ಕಡೆಯ ಬೋಳು ಬಂಡೆ ನೋಡಿ ಕೆಲಸ ಕಲಿತವನು ನಾನು. ಅಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದ ಬ್ಯಾಂಡ್‌ಗಳನ್ನು, ಅಂದರೆ ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಪ್ರತಿಗಳನ್ನು, ಅದಲುಬದಲು ಮಾಡಿದರೆ ಮರಳುಗಲ್ಲು ಒಂದು ಬಣ್ಣ, ಸುಣ್ಣಕಲ್ಲು ಇನ್ನೊಂದು. ಅದೇ ಧೈರ್ಯದಲ್ಲಿ ತ್ರಿಪುರಾದ ಚಿತ್ರ ತೆರೆದೆ. ಬಿದಿರು, ಕಾಡು, ರಬ್ಬರ್ ತೋಟ. ಯಾವ ಬ್ಯಾಂಡ್ ಹಾಕಿದರೂ ಕಾಣುವುದು ಎಲೆ, ಕಲ್ಲಲ್ಲ.

ನೈಸರ್ಗಿಕ ಅನಿಲ ಹುಡುಕಲು ನೆಲಕ್ಕೆ ಕಂಪನ ಕೊಟ್ಟು ಒಳಗಿನ ಪದರ ತಿಳಿಯುವ ಸಿಸ್ಮಿಕ್ ಸರ್ವೆಯ ಲೈನುಗಳನ್ನು ಎಲ್ಲಿ ಹಾಕಬೇಕು ಅನ್ನೋದಕ್ಕೆ ನಕ್ಷೆ ಬೇಕಿತ್ತು. ಉಪಗ್ರಹಕ್ಕೆ ಅನಿಲ ಕಾಣುವುದಿಲ್ಲ. ಅದು ಸಿಕ್ಕಿಕೊಂಡಿರಬಹುದಾದ ಕಮಾನಿನ ಗುರುತು ಮಾತ್ರ ಕಾಣುತ್ತದೆ. ಜಮಖಾನೆಯನ್ನು ಒಂದು ಕಡೆಯಿಂದ ತಳ್ಳಿದಾಗ ಮಡಿಕೆ ಏಳುತ್ತವಲ್ಲ, ತ್ರಿಪುರಾದ ಬರಮುರಾ, ಅಥಾರಮುರಾ, ಜಂಪುಯಿ ಸಾಲುಗಳು ಹಾಗೆ ಉತ್ತರ-ದಕ್ಷಿಣವಾಗಿ ಎದ್ದ ಮಡಿಕೆಗಳು. ಕಮಾನಿನೊಳಗೆ ಮರಳುಗಲ್ಲಿದ್ದು, ಮೇಲೆ ಜೇಡಿಗಲ್ಲಿನ ಮುಚ್ಚಳ ಬಿಗಿಯಾಗಿದ್ದರೆ ಅನಿಲ ನಿಲ್ಲುತ್ತದೆ.

ಮೋಡವಿಲ್ಲದ ಚಳಿಗಾಲದ ಚಿತ್ರ ತೆಗೆದುಕೊಂಡೆ. ಅರ್ಧ ದಿನ ಗೆರೆ ಎಳೆದ ಮೇಲೆ ನೋಡುತ್ತೇನೆ, ಹಳ್ಳವೊಂದು ಗುಡ್ಡದ ನೆತ್ತಿಯ ಮೇಲೆ ಹರಿಯುತ್ತಿದೆ! ಲ್ಯಾಂಡ್‌ಸ್ಯಾಟ್ ಹಾದುಹೋಗುವ ಬೆಳಗಿನ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ, ಅಂದರೆ ಉತ್ತರ ಮೇಲಿರುವ ಚಿತ್ರಕ್ಕೆ ಬೆಳಕು ಕೆಳಗಿನಿಂದ. ನಮ್ಮ ಕಣ್ಣಿಗೆ ಬೆಳಕು ಮೇಲಿನಿಂದಲೇ ಬರಬೇಕು. ಹಾಗಾಗಿ ಗುಡ್ಡ ಕಣಿವೆಯಾಗಿತ್ತು, ಕಣಿವೆ ಗುಡ್ಡವಾಗಿತ್ತು. ಚಿತ್ರವನ್ನು ತಲೆಕೆಳಗು ಮಾಡಿದೆ, ಎಲ್ಲ ಸರಿಹೋಯಿತು. ಅರ್ಧ ದಿನದ ಗೆರೆ ಮಾತ್ರ ಹೋಯಿತು.

ಆಮೇಲೆ ಬಣ್ಣ ಬಿಟ್ಟು ಎತ್ತರ ಹಿಡಿದೆ. ಎಸ್‌ಆರ್‌ಟಿಎಂ ಅನ್ನುವ ನೆಲದ ಎತ್ತರದ ದತ್ತಾಂಶ, 30 ಮೀಟರ್‌ಗೊಂದು ಚುಕ್ಕೆ. ಅದನ್ನು ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಹಾಕಿ ನಾಲ್ಕು ದಿಕ್ಕಿನಿಂದ ಬೆಳಕು ಬಿಟ್ಟ ಹಾಗೆ ನೆರಳಿನ ಚಿತ್ರ ಮಾಡಿದೆ. ವಾಯವ್ಯದ ಬೆಳಕೊಂದನ್ನೇ ನಂಬಿದರೆ ಅದೇ ದಿಕ್ಕಿಗೆ ಚಾಚಿದ ಗೆರೆಗಳು ಮಾಯವಾಗುತ್ತವೆ. ತೊರೆಗಳನ್ನೂ ಮೇಲೆ ಹರಡಿಕೊಂಡೆ. ನೆತ್ತಿಯಿಂದ ಎರಡೂ ಕಡೆಗೆ ಬಾಚಣಿಗೆ ಹಲ್ಲಿನಂತೆ ಇಳಿಯುವ ತೊರೆಗಳು, ಮಡಿಕೆ ಮುಗಿಯುವ ತುದಿಯಲ್ಲಿ ಬಳಸಿಕೊಂಡು ಹೋಗುವ ತೊರೆಗಳು. ನನಗೆ ಹೆಚ್ಚು ಹೇಳಿಕೊಟ್ಟಿದ್ದು ಅವೇ.

ಇಷ್ಟಾದರೂ ಒಂದು ಕಡೆ ಬೇಸ್ತು ಬಿದ್ದೆ. ನೆಟ್ಟಗೆ ಮೆಟ್ಟಿಲಿನಂತೆ ಕಂಡ ಗೆರೆಯೊಂದನ್ನು ಸ್ತರಭಂಗ, ಅಂದರೆ ಕಲ್ಲಿನ ಪದರ ಬಿರಿದು ಜರುಗಿದ ಜಾಗ, ಅಂತ ಕೆಂಪಿನಲ್ಲಿ ಗುರುತು ಹಾಕಿದ್ದೆ. ಜೀಪು ಮಾಡಿಕೊಂಡು ಹೋದರೆ ಅಲ್ಲಿ ಇದ್ದಿದ್ದು ಹಳೇ ರಬ್ಬರ್ ತೋಟದ ಬೇಲಿ. ಎಸ್‌ಆರ್‌ಟಿಎಂ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬಿಟ್ಟು ಅಳೆದದ್ದು. ಒತ್ತಾದ ಮರಗಳಿದ್ದ ಕಡೆ ಅದು ನೆಲ ಮುಟ್ಟದೆ ಮರದ ತಲೆಯ ಹತ್ತಿರವೇ ನಿಂತುಬಿಡುತ್ತದೆ. ಹಾಗಾಗಿ ತೋಟದ ಅಂಚೇ ಮೆಟ್ಟಿಲಿನಂತೆ ಕಂಡಿತ್ತು.

ಗೋಮತಿ ನದಿ ದೇವತಾಮುರಾ ಸಾಲನ್ನು ಅಡ್ಡಲಾಗಿ ಸೀಳಿಕೊಂಡು ಹೋಗುವ ಚಾಬಿಮುರಾಕ್ಕೂ ದೋಣಿಯಲ್ಲಿ ಹೋದೆ. ಕಡಿದಾದ ಬಂಡೆಯ ಮೇಲೆ ಕೆತ್ತಿದ ದೇವರುಗಳಿದ್ದಾರೆ. ನಾನು ಕ್ಲಿನೋಮೀಟರ್ ಹಿಡಿದು ಪಕ್ಕದ ಪದರಗಳ ಇಳಿಜಾರು ಅಳೆಯುತ್ತಿದ್ದೆ. ದೋಣಿಯವನು ಹಿಂದಿಯಲ್ಲಿ ಕೇಳಿದ: "ಸಾಹೇಬ್ರೇ, ಎಲ್ಲರೂ ದೇವರ ಫೋಟೋ ತೆಗೀತಾರೆ, ನೀವ್ಯಾಕೆ ಖಾಲಿ ಕಲ್ಲು ನೋಡ್ತೀರಿ?" ಒಂದು ಕಡೆ ಪೂರ್ವಕ್ಕೆ ವಾಲಿದ್ದ ಪದರಗಳು ಮುಂದೆ ಪಶ್ಚಿಮಕ್ಕೆ ತಿರುಗಿದ್ದವು. ಕಮಾನಿನ ನೆತ್ತಿ ಅದೇ. ಅಲ್ಲೇ ದೋಣಿ ನಿಲ್ಲಿಸಲು ಹೇಳಿ ಜಿಪಿಎಸ್ ಬಿಂದು ಬರೆದುಕೊಂಡೆ.